ಆಟಕ್ಕುಂಟು, ಲೆಕ್ಕಕ್ಕೆ ಯಾರು ಸೇರಿಸಬೇಕು?

ಮಾನ್ಯ ಸಂಪಾದಕರೇ,

ಅಭಿಮಾನಿಗಳು ನಡೆಸುವ ವಿಕಿಗಳ, ಅಂದರೆ ಒಂದು ಕಥೆಯ ಬಗ್ಗೆ ಎಲ್ಲರೂ ಸೇರಿ ಬರೆದು ತಿದ್ದುವ ಇಂಟರ್ನೆಟ್ ವಿಶ್ವಕೋಶಗಳ ಬಗ್ಗೆ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದನ್ನು ಓದಿದೆ. ಅವರ ವಾದ ಸರಳ. ಕಥೆ ಕಂಪನಿಯದು, ಕಂಪನಿ ಯಾವುದನ್ನು ಅಸಲಿ ಅನ್ನುತ್ತದೋ ಅದನ್ನೇ ಬರೆದುಕೊಂಡರೆ ಆಯಿತು, ಅದಕ್ಕೆ ತಿಂಗಳುಗಟ್ಟಲೆ ಜಗಳ ಆಡುವುದು ಕೆಲಸವಿಲ್ಲದವರ ಕೆಲಸ ಅಂತ. ಕೆಲಸವಿಲ್ಲದವರು ಅನ್ನುವುದನ್ನು ಒಪ್ಪುತ್ತೇನೆ, ಬಿಡಿ. ಉಳಿದದ್ದನ್ನು ಒಪ್ಪುವುದಕ್ಕೆ ಆಗುವುದಿಲ್ಲ. ಯಾಕೆಂದರೆ ನಾನು ಆಗಾಗ ಕೈಯಾಡಿಸುವ ವಿಕಿ 'ಡಾಕ್ಟರ್ ಹೂ' ಸೀರಿಯಲ್‌ನದು, ಅಲ್ಲಿ ಕಂಪನಿಯನ್ನು ಕೇಳೋಣ ಅಂದರೆ ಕಂಪನಿಯ ಹತ್ತಿರ ಉತ್ತರವೇ ಇಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಬಿಬಿಸಿ ಈ ಸೀರಿಯಲ್ ಶುರು ಮಾಡಿದ್ದು 1963ರ ನವೆಂಬರ್ 23ರಂದು. ಹೊರಗಿನಿಂದ ನೀಲಿ ಪೊಲೀಸ್ ಡಬ್ಬದ ಹಾಗೆ ಕಾಣುವ ಟಾರ್ಡಿಸ್ ಅನ್ನುವ ಯಂತ್ರದಲ್ಲಿ ಡಾಕ್ಟರ್ ಅನ್ನುವ ಒಬ್ಬ ಆಸಾಮಿ ಕಾಲದಲ್ಲಿ ಹಿಂದೆ ಮುಂದೆ ಓಡಾಡುತ್ತಾನೆ. ಸಾಯುವ ಹೊತ್ತಿಗೆ ಬೇರೆ ಮುಖ ಪಡೆದು ಏಳುತ್ತಾನೆ, ಅಂದರೆ ಹೊಸ ನಟ ಬರುತ್ತಾನೆ. ಸೀರಿಯಲ್ 1989ರಲ್ಲಿ ನಿಂತಿತು, 1996ರಲ್ಲಿ ಒಂದು ಟಿವಿ ಸಿನಿಮಾ ಬಂತು, 2005ರಲ್ಲಿ ಮತ್ತೆ ಶುರುವಾಯಿತು. ನಡುವಿನ ಆ ಬರಗಾಲದಲ್ಲಿ ಡಾಕ್ಟರನ್ನು ಬದುಕಿಸಿದ್ದು ಕಾದಂಬರಿಗಳು, ಕಾಮಿಕ್ಸ್, ಆಡಿಯೋ ನಾಟಕಗಳು. ಇವುಗಳಲ್ಲಿ ಯಾವುದು ಲೆಕ್ಕಕ್ಕೆ, ಯಾವುದು ಲೆಕ್ಕಕ್ಕಿಲ್ಲ ಅಂತ ಬಿಬಿಸಿ ಅಧಿಕೃತವಾಗಿ ಪಟ್ಟಿ ಮಾಡಿಕೊಟ್ಟಿದ್ದೇ ಇಲ್ಲ. ಹಾಗಾಗಿ ನಾನು ಹೇಳಿದ ಆ ವಿಕಿ, ಅಂದರೆ ಟಾರ್ಡಿಸ್ ವಿಕಿಯವರು ತಮ್ಮ ನಿಯಮ ತಾವೇ ಮಾಡಿಕೊಂಡರು. 'ಅಸಲಿ ಯಾವುದು' ಅನ್ನುವ ಪ್ರಶ್ನೆಯನ್ನೇ ಕೈಬಿಟ್ಟು, ನಮ್ಮ ಪುಟ ಬರೆಯುವುದಕ್ಕೆ ಯಾವುದನ್ನು ಆಧಾರ ಅಂತ ತೆಗೆದುಕೊಳ್ಳಬಹುದು, ಅಷ್ಟು ಮಾತ್ರ ಹೇಳುತ್ತೇವೆ ಅಂದರು.

ನಾಲ್ಕು ನಿಯಮ. ಕಥೆಗಳು ಮಾತ್ರ ಲೆಕ್ಕಕ್ಕೆ, ಕೈಪಿಡಿ, ಸಂದರ್ಶನ ಇತ್ಯಾದಿ ಅಲ್ಲ. ಕಥೆಯಲ್ಲಿ ಬರುವ ಎಲ್ಲದರ ಹಕ್ಕುದಾರರೂ ಅನುಮತಿ ಕೊಟ್ಟಿರಬೇಕು. ಕಥೆ ಅಧಿಕೃತವಾಗಿ ಹೊರಬಂದಿರಬೇಕು. ನಾಲ್ಕನೆಯದು, ಇದು ಡಾಕ್ಟರನ ಲೋಕದ ಹೊರಗಿನ ಕಥೆ ಅನ್ನುವ ಉದ್ದೇಶದಿಂದಲೇ ಮಾಡಿದ್ದರೆ ಬಹುಶಃ ಲೆಕ್ಕಕ್ಕಿಲ್ಲ. ಮೊದಲ ಮೂರರ ಪರವಾಗಿ ನಾನು ಯಾರ ಜೊತೆ ಬೇಕಾದರೂ ವಾದಕ್ಕೆ ಕೂರುತ್ತೇನೆ. ನಾಲ್ಕನೆಯದರ ಬಗ್ಗೆ ನನ್ನದು ತಕರಾರಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಎರಡನೇ ನಿಯಮವನ್ನು ಸ್ವಲ್ಪ ಗಮನವಿಟ್ಟು ನೋಡಿ. 'ಬಿಬಿಸಿಯ ಅನುಮತಿ' ಅಂತಿಲ್ಲ, 'ಹಕ್ಕುದಾರರ ಅನುಮತಿ' ಅಂತಿದೆ. ಬ್ರಿಟನ್ನಿನಲ್ಲಿ ಆಗ ಬಿಬಿಸಿಗೆ ಹೊರಗಿನಿಂದ ಬರೆದುಕೊಡುತ್ತಿದ್ದ ಲೇಖಕರಿಗೆ ತಾವು ಸೃಷ್ಟಿಸಿದ ಪಾತ್ರಗಳ ಮೇಲೆ ಹಕ್ಕು ಉಳಿಯುತ್ತಿತ್ತು. ಡಾಲೆಕ್ ಅನ್ನುವ, ಇಡೀ ಸೀರಿಯಲ್ಲಿಗೇ ಹೆಸರು ತಂದುಕೊಟ್ಟ ಆ ಲೋಹದ ಪ್ರಾಣಿಗಳ ಮೇಲೆ ಲೇಖಕ ಟೆರ್ರಿ ನೇಷನ್ ಅವರಿಗೂ ಹಕ್ಕಿತ್ತು. ಅವುಗಳನ್ನು ಅಮೆರಿಕದಲ್ಲಿ ಸ್ವತಂತ್ರ ಸೀರಿಯಲ್ ಮಾಡೋಣ ಅಂತ ಅವರು ಓಡಾಡಿದ ಕಾಲದಲ್ಲಿ, 1967ರಿಂದ 1972ರವರೆಗೆ, ಬಿಬಿಸಿಯ ಸೀರಿಯಲ್ಲಿಗೇ ಹೊಸ ಡಾಲೆಕ್ ಕಥೆ ಇರಲಿಲ್ಲ. ಅಂದಮೇಲೆ 'ಕಂಪನಿಯ ಕಥೆ' ಅನ್ನುವ ಮಾತಿಗೆ ಇಲ್ಲಿ ಅರ್ಥವೇ ಪೂರ್ತಿ ಇಲ್ಲ, ಅಲ್ವಾ?

ಇದರಿಂದ ಏನಾಗುತ್ತದೆ ನೋಡಿ. 1995ರಲ್ಲಿ ರೀಲ್‌ಟೈಮ್ ಪಿಕ್ಚರ್ಸ್ ಅನ್ನುವ ಸಣ್ಣ ಸಂಸ್ಥೆ 'ಡೌನ್‌ಟೈಮ್' ಅಂತ ಒಂದು ವಿಡಿಯೋ ಸಿನಿಮಾ ಮಾಡಿತು. ಬಿಬಿಸಿಯ ನಿರ್ಮಾಣ ಅಲ್ಲ, ಅದರಲ್ಲಿ ಡಾಕ್ಟರೂ ಇಲ್ಲ. ಆದರೆ ಸೀರಿಯಲ್ಲಿನ ಹಳೆಯ ಪಾತ್ರ ಬ್ರಿಗೇಡಿಯರ್ ಲೆತ್‌ಬ್ರಿಜ್-ಸ್ಟುವರ್ಟ್ ಇದ್ದ, ಅವನಿಗೊಬ್ಬಳು ಮಗಳು ಹುಟ್ಟಿಕೊಂಡಳು, ಕೇಟ್ ಅಂತ. ಅಂಗಡಿಯಲ್ಲಿ ಕ್ಯಾಸೆಟ್ ಕೊಂಡ ಕಟ್ಟಾ ಅಭಿಮಾನಿಗಳಿಗೆ ಬಿಟ್ಟರೆ ಅವಳು ಯಾರಿಗೂ ಗೊತ್ತಿರಲಿಲ್ಲ. 2012ರಲ್ಲಿ ಅದೇ ಕೇಟ್ ಬಿಬಿಸಿಯ ಸೀರಿಯಲ್ಲಿಗೆ ಬಂದಳು, ನಟಿ ಬೇರೆ, ಜೆಮ್ಮಾ ರೆಡ್‌ಗ್ರೇವ್. ಆಮೇಲೆ ಅವಳು ಸೀರಿಯಲ್ಲಿಗೆ ಮತ್ತೆ ಮತ್ತೆ ಬರುವ ಪಾತ್ರವಾಗಿಬಿಟ್ಟಳು. ಕಂಪನಿಯ ಮುದ್ರೆ ಬೇಕು ಅನ್ನುವ ನಿಯಮ ಇದ್ದಿದ್ದರೆ ಕೇಟ್ ಹದಿನೇಳು ವರ್ಷ ಇಲ್ಲದವಳಾಗಿ, 2012ರಲ್ಲಿ ಬೆಳೆದು ನಿಂತ ಹೆಂಗಸಾಗಿ ಧಡಕ್ಕನೆ ಹುಟ್ಟಬೇಕಾಗಿತ್ತು. ಹಕ್ಕುದಾರರ ಅನುಮತಿ ಸಾಕು ಅನ್ನುವ ನಿಯಮದಲ್ಲಿ ಅವಳ ಪುಟ 1995ರಿಂದ ನೆಟ್ಟಗೆ ನಡೆದುಕೊಂಡು ಬರುತ್ತದೆ.

ಇನ್ನು ಕಂಪನಿಯ ಮಾತಿಗೆ ಎಷ್ಟು ಆಯುಸ್ಸು ಅಂತಲೂ ಕೇಳಬೇಕು. 2003ರಲ್ಲಿ ಬಿಬಿಸಿಯೇ ತನ್ನ ವೆಬ್‌ಸೈಟಿನಲ್ಲಿ 'ಸ್ಕ್ರೀಮ್ ಆಫ್ ದಿ ಶಾಲ್ಕಾ' ಅನ್ನುವ ಅನಿಮೇಷನ್ ಕಥೆ ಹಾಕಿತು. ರಿಚರ್ಡ್ ಇ. ಗ್ರಾಂಟ್ ಧ್ವನಿ. ಇವರೇ ಒಂಬತ್ತನೇ ಡಾಕ್ಟರ್ ಅಂತ ಬಿಬಿಸಿಯೇ ಸಾರಿತ್ತು. ಆದರೆ ಅದು ಬಿಡುಗಡೆ ಆಗುವ ಮೊದಲೇ, ಅದೇ ವರ್ಷ ಸೆಪ್ಟೆಂಬರಿನಲ್ಲಿ, ಟಿವಿ ಸೀರಿಯಲ್ ವಾಪಸ್ ಬರುತ್ತದೆ ಅನ್ನುವ ಪ್ರಕಟಣೆಯೂ ಬಂತು. 2005ರಲ್ಲಿ ಕ್ರಿಸ್ಟೋಫರ್ ಎಕಲ್‌ಸ್ಟನ್ ಒಂಬತ್ತನೆಯವರಾಗಿ ಬಂದರು. ಮೊದಲಿನ ಒಂಬತ್ತನೆಯವರು ಎಲ್ಲಿಗೆ ಹೋದರು? ಯಾರೂ ಹೇಳಲಿಲ್ಲ, ಸುಮ್ನೆ ಮರೆತರು. ಕಂಪನಿ ಮರೆಯಬಹುದು, ಅದಕ್ಕೆ ಮುಂದಿನ ಸೀಸನ್ ಮಾರಬೇಕು. ವಿಕಿ ಇರುವುದೇ ಮರೆಯದೆ ಇರುವುದಕ್ಕೆ.

ಉಲ್ಟಾ ಉದಾಹರಣೆಯೂ ಇದೆ. ನಟ ಪಾಲ್ ಮೆಕ್‌ಗಾನ್ ಟಿವಿಯಲ್ಲಿ ಎಂಟನೇ ಡಾಕ್ಟರ್ ಆಗಿ ಬಂದದ್ದು 1996ರ ಆ ಸಿನಿಮಾದಲ್ಲಿ, ಆಮೇಲೆ ಬಹಳ ವರ್ಷ ಪರದೆ ಮೇಲೆ ಕಾಣಲಿಲ್ಲ. 2001ರಿಂದ ಅವರು ಬಿಗ್ ಫಿನಿಶ್ ಸಂಸ್ಥೆಯ ಆಡಿಯೋ ನಾಟಕಗಳಲ್ಲಿ ಆ ಪಾತ್ರ ಮುಂದುವರಿಸಿದರು. ಮೊದಲ ನಾಟಕದಲ್ಲೇ ಚಾರ್ಲಿ ಅನ್ನುವ ಹುಡುಗಿ ಸಿಗುತ್ತಾಳೆ, 1930ರಲ್ಲಿ ನಿಜವಾಗಿಯೂ ಬಿದ್ದು ಸುಟ್ಟುಹೋದ ಆರ್101 ಗಾಳಿಹಡಗಿನಲ್ಲಿ ಕದ್ದು ಹತ್ತಿರುತ್ತಾಳೆ. ಆಡಿಯೋ ಎಲ್ಲ ಲೆಕ್ಕಕ್ಕಿಲ್ಲ, ಟಿವಿಯೇ ಅಸಲಿ ಅನ್ನುವವರು ಆಗಲೂ ಇದ್ದರು. 2013ರ ನವೆಂಬರ್ 14ರಂದು ಬಿಬಿಸಿ ಇಂಟರ್ನೆಟ್ಟಿನಲ್ಲಿ ಒಂದು ಪುಟ್ಟ ಎಪಿಸೋಡ್ ಬಿಟ್ಟಿತು, ಮೆಕ್‌ಗಾನ್ ಹದಿನೇಳು ವರ್ಷದ ಮೇಲೆ ಪರದೆಗೆ ಬಂದು, ಸಾಯುವ ಮುಂಚೆ ತನ್ನ ಗೆಳೆಯರನ್ನು ನೆನೆದರು. ಚಾರ್ಲಿ, ಕ್ರಿಝ್, ಲೂಸಿ, ಟ್ಯಾಮ್‌ಸಿನ್, ಮಾಲಿ. ಐದಕ್ಕೆ ಐದೂ ಆಡಿಯೋ ನಾಟಕದವರು. ಟಾರ್ಡಿಸ್ ವಿಕಿಯಲ್ಲಿ ಅವರ ಪುಟಗಳು ಮೊದಲೇ ಇದ್ದವು. ಟಿವಿಯೊಂದೇ ಸಾಕು ಅಂದವರು ಆವತ್ತು ರಾತ್ರಿ ಅವೇ ಪುಟಗಳನ್ನು ತೆರೆದು ಓದಿರಬೇಕು ಅಂತ ನನ್ನ ಗುಮಾನಿ.

ಎಲ್ಲವನ್ನೂ ಸೇರಿಸಿದರೆ ಒಂದಕ್ಕೊಂದು ತಾಳೆ ಆಗುವುದಿಲ್ಲವಲ್ಲ ಅಂತ ಆ ಪತ್ರದವರು ಕೇಳಿದ್ದರು. ಆಗುವುದಿಲ್ಲ, ನಿಜ. 1995ರಲ್ಲಿ ಪಾಲ್ ಕಾರ್ನೆಲ್ ಒಂದು ಕಾದಂಬರಿ ಬರೆದರು, ಡಾಕ್ಟರ್ ತಾನು ಯಾರು ಅನ್ನುವುದನ್ನೇ ಮರೆತು ಮನುಷ್ಯನಾಗಿ 1914ರ ಇಂಗ್ಲೆಂಡಿನ ಒಂದು ಶಾಲೆಯಲ್ಲಿ ಮೇಷ್ಟ್ರಾಗಿರುತ್ತಾನೆ. ಅದು ಏಳನೇ ಡಾಕ್ಟರ್. 2007ರಲ್ಲಿ ಅದೇ ಕಾರ್ನೆಲ್ ಅದೇ ಕಥೆಯನ್ನು ಟಿವಿಗೆ ಬರೆದರು, ಈ ಸಲ ಹತ್ತನೇ ಡಾಕ್ಟರ್, ಇಸವಿ 1913. ಎರಡೂ ನಡೆದವು ಅಂದರೆ ಒಬ್ಬನೇ ಮನುಷ್ಯ ಎರಡು ಸಲ ಒಂದೇ ಥರದ ಗುಂಡಿಗೆ ಬಿದ್ದ ಹಾಗಾಯಿತು. ಬೀಳಲಿ ಬಿಡಿ, ಏನೀಗ? ವಿಕಿಯ ಕೆಲಸ ತೀರ್ಪು ಕೊಡುವುದಲ್ಲ. ಅಲ್ಲಿ ಪ್ರತಿ ವಾಕ್ಯದ ಕೊನೆಗೆ ಆಧಾರ ಎಲ್ಲಿಂದ ಅಂತ ಹಾಕುತ್ತಾರೆ, ಟಿವಿ, ಗದ್ಯ, ಆಡಿಯೋ, ಕಾಮಿಕ್ ಅಂತ ಶುರುಮಾಡಿ ಕಥೆಯ ಹೆಸರು. ತಾಳೆಯಾಗದ ಜಾಗದಲ್ಲಿ 'ಒಂದು ಕಥೆಯ ಪ್ರಕಾರ' ಅಂತ ಬರೆದು ಮುಂದಕ್ಕೆ ಹೋಗುತ್ತಾರೆ. ಓದುವವರಿಗೆ ಬುದ್ಧಿ ಇದೆ, ಟಿವಿ ಅಂತಿರುವುದನ್ನು ಮಾತ್ರ ನಂಬುವವರು ಅದನ್ನಷ್ಟೇ ಓದಿಕೊಳ್ಳುತ್ತಾರೆ. ಸರ್ಚ್ ಮಾಡಿದಾಗ ಮೇಲೆ ಬರುವ ರೆಡಿಮೇಡ್ ಉತ್ತರಗಳಲ್ಲಿ ಈ ಗುರುತು ಉದುರಿಹೋಗಿರುತ್ತದೆ, ಅದು ಬೇರೆ ಗೋಳು.

ಕಂಪನಿ ಬಾಯಿಬಿಟ್ಟು ಹೇಳಿದ ಕಡೆ ಎಲ್ಲ ಸಲೀಸಾಯಿತೇ? 'ಸ್ಟಾರ್ ವಾರ್ಸ್' ನೋಡಿ. 2014ರ ಏಪ್ರಿಲ್ 25ರಂದು ಅದರ ಕಂಪನಿ ಲೂಕಾಸ್‌ಫಿಲ್ಮ್ ಒಂದು ಪ್ರಕಟಣೆ ಕೊಟ್ಟಿತು. ಆರು ಸಿನಿಮಾ ಮತ್ತು 'ಕ್ಲೋನ್ ವಾರ್ಸ್' ಬಿಟ್ಟು ಅಲ್ಲಿವರೆಗಿನ ಕಾದಂಬರಿ, ಕಾಮಿಕ್ಸ್, ಆಟ ಎಲ್ಲವೂ ಇನ್ನುಮುಂದೆ 'ಲೆಜೆಂಡ್ಸ್', ಅಂದರೆ ದಂತಕಥೆ. ದಶಕಗಳಿಂದ ದುಡ್ಡು ಕೊಟ್ಟು ಓದಿದ್ದೆಲ್ಲ ಒಂದೇ ದಿನಕ್ಕೆ ಆಟಕ್ಕುಂಟು ಲೆಕ್ಕಕ್ಕಿಲ್ಲ. ಅದರ ಅಭಿಮಾನಿ ವಿಕಿ ವೂಕಿಪೀಡಿಯಾ ಏನು ಮಾಡಿತು? ಅಳಿಸಲಿಲ್ಲ. ಒಂದೊಂದು ಪಾತ್ರಕ್ಕೆ ಎರಡೆರಡು ಪುಟ ಇಟ್ಟು, ಮೇಲೆ ಎರಡು ಟ್ಯಾಬ್ ಕೊಟ್ಟಿತು. ಒಳ್ಳೆಯದೇ ಆಯಿತು, ಯಾಕೆಂದರೆ 1991ರ ಕಾದಂಬರಿಯಲ್ಲಿ ಹುಟ್ಟಿದ ಥ್ರಾನ್ ಅನ್ನುವ ಖಳನಾಯಕನನ್ನು 2016ರಲ್ಲಿ ಅದೇ ಕಂಪನಿ ತನ್ನ ಅಧಿಕೃತ ಅನಿಮೇಷನ್ ಸೀರಿಯಲ್ಲಿಗೆ ಕರೆದುಕೊಂಡು ಬಂತು. ಎಸೆದ ಡಬ್ಬಿಯಿಂದಲೇ ತೆಗೆದುಕೊಂಡಿತು ಅನ್ನಿ.

ಅಮೆರಿಕದ ಬಾಹ್ಯಾಕಾಶ ಸೀರಿಯಲ್ 'ಸ್ಟಾರ್ ಟ್ರೆಕ್'ನದು ಇನ್ನೂ ಮಜಾ. 1973-74ರ ಅನಿಮೇಷನ್ ಸೀರಿಯಲ್ಲನ್ನು ಅದನ್ನು ಸೃಷ್ಟಿಸಿದ ಜೀನ್ ರಾಡನ್‌ಬೆರಿ ಅವರ ಕಚೇರಿಯೇ 1980ರ ದಶಕದ ಕೊನೆಯಲ್ಲಿ ಲೆಕ್ಕದಿಂದ ಹೊರಗಿಟ್ಟಿತು. ಕ್ಯಾಪ್ಟನ್ ಕರ್ಕ್ ಹೆಸರಿನ ನಡುವಿನ 'ಟಿ' ಅಂದರೆ ಟೈಬೀರಿಯಸ್ ಅಂತ ಮೊದಲು ಹೇಳಿದ್ದು ಆ ಅನಿಮೇಷನ್. ಅವನ ಹಡಗಿನಲ್ಲೇ ಇರುವ ಸುಲೂಗೆ ಹಿಕಾರು ಅನ್ನುವ ಹೆಸರು ಬಂದಿದ್ದು 1981ರ ಒಂದು ಕಾದಂಬರಿಯಿಂದ. 1991ರ ಆರನೇ ಸಿನಿಮಾದಲ್ಲಿ ಎರಡೂ ಹೆಸರು ಪರದೆ ಮೇಲೆ ಬಂದವು. ಮೆಮೊರಿ ಆಲ್ಫಾ ವಿಕಿ ಪರದೆ ಮೇಲೆ ಬಂದದ್ದನ್ನು ಮಾತ್ರ ಒಪ್ಪುತ್ತದೆ, ಅನಿಮೇಷನ್ನನ್ನೂ ಸೇರಿಸಿಕೊಳ್ಳುತ್ತದೆ, ಕಾದಂಬರಿಗಳಿಗೆ ಮೆಮೊರಿ ಬೀಟಾ ಅಂತ ಬೇರೆ ವಿಕಿಯೇ ಇದೆ. ಇದು ನನ್ನ ರುಚಿಗೆ ಸ್ವಲ್ಪ ಮಡಿ ಜಾಸ್ತಿ. ಆದರೆ ನಿಯಮ ಎಲ್ಲರಿಗೂ ಕಾಣುವ ಹಾಗಿದೆ, ಬೇಕಾದವರು ಪಕ್ಕದ ಮನೆಗೆ ಹೋಗಬಹುದು, ಹಾಗಾಗಿ ಬೈಯುವುದಿಲ್ಲ.

ಈಗ ಟಾರ್ಡಿಸ್ ವಿಕಿಯ ಆ ನಾಲ್ಕನೇ ನಿಯಮ. ಲೇಖಕರ 'ಉದ್ದೇಶ' ಏನಿತ್ತು ಅಂತ ಯಾರು ಹೇಗೆ ತಿಳಿಯುವುದು? ಸಂದರ್ಶನ, ಹಿಂಬದಿ ರಕ್ಷಾಪುಟದ ಮಾತು, ಎಲ್ಲೋ ಒಂದು ಟ್ವೀಟ್. ಇವೆಲ್ಲ ಕಥೆ ಅಲ್ಲ ಅಂತ ಮೊದಲನೇ ನಿಯಮ ಬಾಗಿಲಲ್ಲೇ ನಿಲ್ಲಿಸಿದೆ, ನಾಲ್ಕನೆಯದು ಹಿತ್ತಲಿಂದ ಒಳಗೆ ಬಿಡುತ್ತಿದೆ. 1965 ಮತ್ತು 66ರಲ್ಲಿ ನಟ ಪೀಟರ್ ಕುಶಿಂಗ್ ಎರಡು ಸಿನಿಮಾದಲ್ಲಿ ಡಾಕ್ಟರನ ಪಾತ್ರ ಮಾಡಿದರು. ಅದರಲ್ಲಿ ಅವನು ಬೇರೆ ಲೋಕದವನಲ್ಲ, ಭೂಮಿಯ ಮನುಷ್ಯ, ಹೂ ಅನ್ನುವುದೇ ಮನೆತನದ ಹೆಸರು, ಟಾರ್ಡಿಸ್ ಅವನೇ ಹಿತ್ತಲಲ್ಲಿ ಕಟ್ಟಿದ್ದು. ಇದನ್ನು ಮಾಡಿದವರು 'ಡಾಕ್ಟರನ ಲೋಕದ ಹೊರಗೆ' ಅಂತ ಅಂದುಕೊಂಡಿದ್ದರೇ? ಆ ಲೋಕ ಅನ್ನುವುದೇ ಆಗ ಸರಿಯಾಗಿ ಇರಲಿಲ್ಲ. ಡಾಕ್ಟರನ ಕುಲದವರಿಗೆ ಟೈಮ್ ಲಾರ್ಡ್ಸ್ ಅನ್ನುವ ಮಾತು ಟಿವಿಗೆ ಬಂದದ್ದೇ 1969ರಲ್ಲಿ, ಅವರ ಗ್ರಹದ ಹೆಸರು ಗ್ಯಾಲಿಫ್ರೇ ಅಂತ ಗೊತ್ತಾಗಿದ್ದು 70ರ ದಶಕದಲ್ಲಿ. ಸಾಲದ್ದಕ್ಕೆ, 2018ರಲ್ಲಿ ಸೀರಿಯಲ್ಲಿಗೆ ಬರೆಯುತ್ತಿದ್ದ ಸ್ಟೀವನ್ ಮೊಫಟ್ ತಮ್ಮದೇ ಎಪಿಸೋಡನ್ನು ಕಾದಂಬರಿ ಮಾಡಿದಾಗ ಈ ಕುಶಿಂಗ್ ಸಿನಿಮಾಗಳು ಡಾಕ್ಟರನ ಲೋಕದಲ್ಲೇ ಸಿನಿಮಾಗಳಾಗಿ ಇವೆ, ಡಾಕ್ಟರಿಗೆ ಅವು ಇಷ್ಟ ಅಂತ ಬರೆದರು. ಈಗ ಉದ್ದೇಶ ಯಾರದ್ದು ಹಿಡಿಯುವುದು, 1965ರವರದ್ದೋ 2018ರವರದ್ದೋ?

ನನ್ನ ಸಲಹೆ ಇಷ್ಟೇ. ಉದ್ದೇಶ ಬಿಡಿ, ಕಥೆ ತನ್ನ ಬಾಯಲ್ಲೇ ಏನು ಹೇಳುತ್ತದೆ ಅದನ್ನು ಹಿಡಿಯಿರಿ. ಕುಶಿಂಗ್ ಸಿನಿಮಾದ ಮನುಷ್ಯ ತಾನು ಬೇರೆ ವ್ಯಕ್ತಿ ಅಂತ ಪರದೆ ಮೇಲೇ ತೋರಿಸುತ್ತಾನೆ, ಅವನಿಗೆ ಅವನದೇ ಪುಟ. ಅದೇ 1999ರಲ್ಲಿ ಕಾಮಿಕ್ ರಿಲೀಫ್ ದತ್ತಿ ಕಾರ್ಯಕ್ರಮಕ್ಕೆ ಮೊಫಟ್ ಬರೆದ ಅಣಕು ಕಥೆಯಲ್ಲಿ ರೋವನ್ ಅಟ್ಕಿನ್ಸನ್ ತಾನೇ ಡಾಕ್ಟರ್ ಅನ್ನುತ್ತಾರೆ, ಕೊನೆಗೆ ನಟಿ ಜೊವಾನಾ ಲಮ್ಲಿ ಆಗಿ ಮುಖ ಬದಲಾಗುತ್ತದೆ. ನಗಿಸುವುದಕ್ಕೆ ಮಾಡಿದ್ದು ಅನ್ನುವುದು ತೆಗೆದುಹಾಕುವುದಕ್ಕೆ ಕಾರಣ ಆಗಬಾರದು, 'ಒಂದು ಕಥೆಯ ಪ್ರಕಾರ' ಅಂತ ಸೇರಿಸಿ. ಹೆಂಗಸು ಡಾಕ್ಟರ್ ಅನ್ನುವುದು ಆಗ ನಗೆಹನಿ, 2017ರಲ್ಲಿ ನಟಿ ಜೋಡಿ ವಿಟಕರ್ ಡಾಕ್ಟರ್ ಆಗಿ ಬಂದಾಗ ಅದೇ ಟಿವಿಯ ಕಥೆ.

ಇದೆಲ್ಲ ಇಂಗ್ಲೆಂಡಿನವರ ಕಥೆ, ನಮಗ್ಯಾಕೆ ಅಂದರೆ, ನಾಳೆ ನಮ್ಮಲ್ಲೇ ಯಾರೋ ಮಾಲ್ಗುಡಿಗೆ ಒಂದು ಅಭಿಮಾನಿ ವಿಕಿ ಶುರು ಮಾಡುತ್ತಾರೆ ಅಂದುಕೊಳ್ಳಿ. ಆರ್.ಕೆ. ನಾರಾಯಣ್ ಆ ಊರನ್ನು 1935ರ ಮೊದಲ ಕಾದಂಬರಿಯಿಂದ ಕಟ್ಟುತ್ತಾ ಹೋದರು. ಸರಯೂ ನದಿ, ಮೆಂಪಿ ಬೆಟ್ಟ, ಆಲ್ಬರ್ಟ್ ಮಿಷನ್ ಸ್ಕೂಲು. ಆದರೆ ನಮ್ಮಲ್ಲಿ ಹೆಚ್ಚಿನವರ ತಲೆಯಲ್ಲಿರುವ ಮಾಲ್ಗುಡಿ ಶಂಕರ್ ನಾಗ್ ಅವರದು. ಆಗುಂಬೆಯ ಬೀದಿ, ಮಾಸ್ಟರ್ ಮಂಜುನಾಥನ ಸ್ವಾಮಿ, ಮಿಠಾಯಿ ಅಂಗಡಿಯ ಜಗನ್ ಆಗಿ ಅನಂತ್ ನಾಗ್. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೇ ಕಟ್ಟಡವಂತೂ ಈಗ ಮಾಲ್ಗುಡಿ ಹೆಸರಿನ ಮ್ಯೂಸಿಯಂ. ವಿಕಿಯಲ್ಲಿ 'ಮಾಲ್ಗುಡಿಯ ಹವಾಮಾನ' ಅಂತ ಪುಟ ಬರೆಯುವವರು ಪುಸ್ತಕದ ಸೆಕೆ ಬರೆಯಬೇಕೋ, ಪರದೆಯ ಮಲೆನಾಡು ಬರೆಯಬೇಕೋ? ನಾನಾದರೆ ಎರಡನ್ನೂ ಬರೆದು ಮುಂದೆ 'ಪುಸ್ತಕ', 'ಸೀರಿಯಲ್' ಅಂತ ಗುರುತು ಹಾಕುತ್ತೇನೆ. ಕಥೆಗಳನ್ನು ಓದಿ ವಿದ್ವಾಂಸರು ಬಿಡಿಸಿದ ಮಾಲ್ಗುಡಿ ನಕಾಶೆ ಎಷ್ಟೇ ಚೆನ್ನಾಗಿರಲಿ, ಅದು ಕಥೆ ಅಲ್ಲ, ತೆರೆಮರೆಯ ಸಂಗತಿಗಳ ಭಾಗಕ್ಕೆ ಹೋಗಲಿ. ಮ್ಯೂಸಿಯಮ್ಮೂ ಅಲ್ಲಿಗೇ.

ನಿಜವಾಗಿ ಪೇಚಿಗೆ ಸಿಕ್ಕಿಸುವುದು 'ಗೈಡ್'. 1958ರ ಕಾದಂಬರಿಯಲ್ಲಿ ರಾಜು ಮಾಲ್ಗುಡಿಯ ರೈಲ್ವೆ ಗೈಡ್. ಮಳೆಗಾಗಿ ಉಪವಾಸ ಕೂತ ಅವನು ಕೊನೆಗೆ ಬೆಟ್ಟದಲ್ಲಿ ಮಳೆ ಬರುತ್ತಿದೆ ಅನ್ನುತ್ತಾ ಕುಸಿಯುತ್ತಾನೆ, ಬಂತೋ ಇಲ್ಲವೋ ನಾರಾಯಣ್ ಹೇಳುವುದೇ ಇಲ್ಲ. 1965ರ ಹಿಂದಿ ಸಿನಿಮಾ ಕಥೆಯನ್ನು ರಾಜಸ್ಥಾನಕ್ಕೆ ಎತ್ತಿಕೊಂಡು ಹೋಯಿತು, ಕೊನೆಯಲ್ಲಿ ಧೋ ಅಂತ ಮಳೆ. ಹಕ್ಕು ಕೊಂಡೇ ಮಾಡಿದ ಸಿನಿಮಾ, ಬಿಡುಗಡೆಯಾಯಿತು, ದೊಡ್ಡ ಹೆಸರಾಯಿತು. ನಾರಾಯಣ್ ಅವರಿಗೆ ಮಾತ್ರ ಸುತರಾಂ ಹಿಡಿಸಲಿಲ್ಲ, ಅದರ ಬಗ್ಗೆ ವ್ಯಂಗ್ಯವಾಗಿ ಒಂದು ಲೇಖನವನ್ನೇ ಬರೆದರು. ಹಕ್ಕುದಾರರ ಅನುಮತಿ ಇದ್ದ ಕಥೆಯನ್ನು ಹಕ್ಕುದಾರರೇ ಬೇಡ ಅಂದ ಪ್ರಸಂಗ ಇದು. ಲೇಖಕರ ಬೇಸರ ನೋಡಿ ಹೊರಗಿಡೋಣ ಅಂತ ಮನಸ್ಸು ಹೇಳುತ್ತದೆ, ನನ್ನದೂ ಹೇಳುತ್ತದೆ. ಆದರೆ ಆ ಕಾರಣಕ್ಕೆ ಹೊರಗಿಟ್ಟರೆ, ಮುಂದೆ ಯಾವ ಲೇಖಕರು ಯಾವತ್ತು ಏನಂದರು ಅಂತ ಹುಡುಕಿಕೊಂಡು ಕೂರಬೇಕಾಗುತ್ತದೆ. ಅದರ ಬದಲು ಸಿನಿಮಾವನ್ನೇ ನೋಡಿ. ಅದರ ರಾಜು ಉದಯಪುರದ ಗೈಡ್, ಮಾಲ್ಗುಡಿಯ ಸುದ್ದಿಯೇ ಇಲ್ಲ, ಟಿಕೆಟ್ ಕೊಂಡ ಯಾರು ಬೇಕಾದರೂ ಪರೀಕ್ಷಿಸಬಹುದು. ಹಾಗಾಗಿ ಅದಕ್ಕೆ ಬೇರೆ ಪುಟ ಮಾಡಿ, ಯಾಕೆ ಬೇರೆ ಅಂತ ಪುಟದ ತಲೆಯಲ್ಲೇ ಒಂದು ಸಾಲು ಬರೆಯಿರಿ, ಒಪ್ಪದವರು ಚರ್ಚಾ ಪುಟಕ್ಕೆ ಬರಲಿ. ಮಾಲ್ಗುಡಿಯ ರಾಜುವಿನ ಪುಟದಲ್ಲಿ ಮಾತ್ರ ಮಳೆ ಬಂತು ಅಂತ ಬರೆಯಬೇಡಿ. ಸಿನಿಮಾದ ಪುಟದಲ್ಲಿ ಎಷ್ಟು ಬೇಕಾದರೂ ಸುರಿಸಿ.

– ಒಬ್ಬ ಓದುಗ, ಮೈಸೂರು